ನಮ್ಮೂರ ಕಡೆ ನೋಡೋಕೆ ಏನಿದೆ?

ಮದುವೆಯಾಗಿ ದಾವಣಗೆರೆಗೆ ಹೋದ ಹೊಸದರಲ್ಲಿ ಯಾರಾದರೂ "ತವರು ಯಾವೂರಮ್ಮ?" ಎಂದು ಕೇಳಿದರೆ ನಾನು ಕಾಮಸಮುದ್ರ ಎನ್ನುತ್ತಿರಲಿಲ್ಲ. "ಕೋಲಾರದ ಚಿನ್ನದ ಗಣಿ ಇದೆಯಲ್ಲ, ಅದರ ಹತ್ತಿರ" ಎನ್ನುತ್ತಿದ್ದೆ. ಚಿನ್ನ ಎಂದ ಕೂಡಲೇ ಕೇಳಿದವರ ಕಣ್ಣು ನನ್ನ ಕೊರಳಿಗೆ ಹೋಗುತ್ತಿತ್ತು. ಅಲ್ಲಿ ಎರಡೆಳೆ ಕರಿಮಣಿ ಸರ ಬಿಟ್ಟು ಬೇರೇನೂ ಕಾಣದೆ ಪಾಪ, ಅವರಿಗೆ ನಿರಾಶೆ. ಇನ್ನು ಊರ ಹೆಸರು ಹೇಳಿದರೋ, "ಸಮುದ್ರ ಇದೆಯೇ?" ಎಂಬ ಪ್ರಶ್ನೆ. ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟ ಹಿರಿಯರ ನಾಡು ನಮ್ಮದು ಎಂದು ಎಷ್ಟು ಮಂದಿಗೆ ವಿವರಿಸಲಿ?

ಹೋದ ಚಳಿಗಾಲದಲ್ಲಿ ನಾದಿನಿ ತನ್ನ ಮಗಳನ್ನು ಕರೆದುಕೊಂಡು ನನ್ನ ಜತೆ ತವರಿಗೆ ಬಂದಳು. 2018ರಲ್ಲಿ ಬಂದ 'ಕೆಜಿಎಫ್' ಸಿನಿಮಾ ನೋಡಿದಾಗಿನಿಂದ ಆ ಹುಡುಗಿಗೆ ಗಣಿ ನೋಡುವ ಹುಚ್ಚು. "ಅತ್ತೆ, ನಿಮ್ಮೂರ ಕಡೆ ನೋಡೋಕೆ ಏನೇನಿದೆ?" ಎಂದಳು. ಊರಿನವರನ್ನೇ ಕೇಳಿದರೆ "ಏನೈತೆ? ರಾಗಿ ಹೊಲ, ಕಲ್ಲು ಗುಡ್ಡ, ರಾತ್ರಿಯಾದರೆ ತಮಿಳುನಾಡಿನ ಕಾಡಿಂದ ಬರೋ ಆನೆ" ಎಂದು ನಗುತ್ತಾರೆ. ಬೆಳೆದ ಫಸಲನ್ನು ಒಂದೇ ರಾತ್ರಿಗೆ ತುಳಿದು ಹೋಗುವ ಆನೆಯನ್ನು ನೋಡುವ ಜಾಗ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲೆರಡು ದಿನ ಎಲ್ಲರೂ ನೋಡುವುದನ್ನೇ ನೋಡಿದೆವು. ಕಮ್ಮಸಂದ್ರದ ಕೋಟಿಲಿಂಗದಲ್ಲಿ 108 ಅಡಿಯ ಲಿಂಗದ ಮುಂದೆ ಫೋಟೋ ಆಯಿತು. (ಕಮ್ಮಸಂದ್ರ ಬೇರೆ, ಕಾಮಸಮುದ್ರ ಬೇರೆ. ಹೆಸರು ಹತ್ತಿರವೆಂದು ನಮ್ಮೂರಿಗೆ ಬಂದು ಲಿಂಗ ಹುಡುಕಬೇಡಿ.) ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು ಕುಡಿದೆವು, ಚೋಳರ ಕಾಲದ ಕೋಲಾರಮ್ಮನ ಗುಡಿಯಲ್ಲಿ ತಾಯಿಯ ಮುಖವನ್ನು ಕನ್ನಡಿಯಲ್ಲಿ ಕಂಡೆವು. ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳನ್ನು ಸುತ್ತಿ ಬೆಟ್ಟ ಹತ್ತಿದೆವು. ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ನಮ್ಮ ಕಡೆಯ ನಂಬಿಕೆ. ಬರುವಾಗ ಬೂದಿಕೋಟೆಯಲ್ಲಿ ಇಳಿದೆವು. ಹೈದರಾಲಿ ಹುಟ್ಟಿದ ಊರದು. ತಂದೆ ಫತೇ ಮಹಮ್ಮದ್ ಫೌಜುದಾರ, ಅವರ ಸಮಾಧಿ ಕೋಲಾರದಲ್ಲಿದೆ, ಎಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. "ಹೆತ್ತ ತಾಯಿ ಯಾರು?" ಎಂದು ಹುಡುಗಿ ಕೇಳಿದಾಗ ನನ್ನ ಬಾಯಿ ಕಟ್ಟಿತು. ಸೀತೆಯ ಹೆರಿಗೆಗೆ ಒಂದು ಬೆಟ್ಟವನ್ನೇ ಬಿಟ್ಟುಕೊಟ್ಟ ಸೀಮೆಯಲ್ಲಿ ಈ ತಾಯಿಯ ಸುದ್ದಿಯನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೂರನೆಯ ದಿನ ಗಣಿಗೆ ಹೊರಟಾಗ ದೊಡ್ಡಮ್ಮ ತಾನಾಗಿ ಸೀರೆ ಬದಲಿಸಿಕೊಂಡು ಬಂದು ನಿಂತಳು. "ನಾನೂ ಬತ್ತೀನಿ."

ದೊಡ್ಡಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು. ಮೂವತ್ತು ವರ್ಷ ಅವರಿದ್ದದ್ದು ಲೈನ್ ಮನೆಯಲ್ಲಿ. ಅಕ್ಕಪಕ್ಕವೆಲ್ಲ ಆರ್ಕಾಟಿನ ಕಡೆಯ ತಮಿಳರು. ದೊಡ್ಡಮ್ಮ ಇಂದಿಗೂ ಕೋಪ ಬಂದರೆ ತಮಿಳಿನಲ್ಲೇ ಬಯ್ಯುವುದು. ನಿವೃತ್ತಿಯಾಗಿ ಕಾಮಸಮುದ್ರಕ್ಕೆ ಬಂದ ಮೇಲೆ, ದೊಡ್ಡಪ್ಪ ತೀರಿಕೊಂಡ ಮೇಲೂ, ಅವಳು ಆ ಕಡೆ ತಲೆ ಹಾಕಿರಲಿಲ್ಲ.

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಗಾಡಿ ಹತ್ತಿದೆವು. ಬಂಗಾರಪೇಟೆಗೆ ಹಿಂದೆ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿತ್ತು, ಬೌರಿಂಗ್‌ಪೇಟೆ ಎಂದು. ಗಣಿಗಾಗಿಯೇ ಹಾಕಿದ ಈ ಕವಲು ಹಳಿಯ ಮೇಲೆ ಈಗ ಬೆಳಗಿನ ಗಾಡಿಯಲ್ಲಿ ಸಾವಿರಾರು ಜನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ.

ದಾರಿಯಲ್ಲಿ ಹುಡುಗಿಗೆ ವಾರನ್ನನ ಕಥೆ ಹೇಳಿದೆ. 1802ರಲ್ಲಿ ಸರ್ವೆಗೆ ಬಂದ ಜಾನ್ ವಾರನ್ ಎಂಬ ಅಧಿಕಾರಿ ಇಲ್ಲಿ ಮಣ್ಣಿನಲ್ಲಿ ಚಿನ್ನ ಸಿಗುವ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಎಂದನಂತೆ. ಉರಿಗಾಂ ಊರಿನವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಯಿಂದ ಕಲ್ಲನ್ನು ಕುಕ್ಕೆಯಲ್ಲಿ ಕೈಯಿಂದ ಕೈಗೆ ದಾಟಿಸಿದರೆ, ಮೇಲೆ ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದರು. ಆಮೇಲೆ ಆ ಪುಡಿಯನ್ನು ಬಾವಿಯ ಹತ್ತಿರ ಒಯ್ದು ತೊಳೆಯುವುದು. ಅಂದರೆ ಯಂತ್ರ ಬರುವ ಮುಂಚೆ ಈ ನೆಲದ ಚಿನ್ನ ಹೆಂಗಸರ ಕೈಯಲ್ಲಿ ಕುಟ್ಟಿಸಿಕೊಂಡೇ ಹೊರಬರಬೇಕಿತ್ತು. ದೊಡ್ಡಮ್ಮ ಕಿಟಕಿಯಿಂದ ಮುಖ ತಿರುಗಿಸಿ, "ಕುಟ್ಟೋದು, ಕೇರೋದು ನಮಗೇ ತಾನೆ ಯಾವಾಗ್ಲೂ" ಎಂದಳು.

ಆಮೇಲೆ ಲ್ಯಾವೆಲ್ ಬಂದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಬೇತಮಂಗಲದಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಹರಿಯಿತು; ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಇಷ್ಟು ಹತ್ತಿರದಲ್ಲಿ ಅಷ್ಟೊಂದು ಬೆಳಕಿದ್ದರೂ ನಾನು ಮಗ್ಗಿ ಕಲಿತದ್ದು ಬುಡ್ಡಿ ದೀಪದಲ್ಲಿ ಅನ್ನಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 120 ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. 1965ರಲ್ಲಿ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಕಣ್ಣಿಗೆ ಕಾಣದ ಕಣದ ಗುರುತು ಹಿಡಿದರು.

ಯಂತ್ರ ಬಂದ ಮೇಲೆ ಹೆಂಗಸರು ದೂರವಾದರು. 1952ರ ಗಣಿ ಕಾಯ್ದೆಯಂತೂ ಅವರನ್ನು ನೆಲದಡಿಯ ಕೆಲಸಕ್ಕೆ ಇಡಕೂಡದು ಎಂದಿತು. ಕಾಯ್ದೆ ಅವರ ಕ್ಷೇಮಕ್ಕೆಂದೇ ಇರಬಹುದು, ಆದರೆ ಮೇಲೆ ಕುಳಿತ ಹೆಂಡತಿಯ ಎದೆಬಡಿತಕ್ಕೆ ಯಾವ ಕಾಯ್ದೆ? ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆ ಅಲುಗುತ್ತಿದ್ದವಂತೆ. 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. "ಪಾತ್ರೆ ಗಲಗಲ ಅಂದ್ರೆ ಒಲೆ ಆರಿಸಿ ಬೀದಿಗೆ ಓಡೋದು. ಎಲ್ಲಾರ ಮನೆ ಹೆಂಗಸರೂ ಅಲ್ಲೇ. ಯಾರೂ ಮಾತಾಡ್ತಿರಲಿಲ್ಲ."

ಹುಡುಗಿ ಸಯನೈಡ್ ದಿಬ್ಬದ ಮುಂದೆ ಚಿತ್ರ ತೆಗೆಸಿಕೊಂಡಳು. ಅರೆದು ಚಿನ್ನ ಹೀರಿದ ಕಲ್ಲಿನ ಹಿಟ್ಟಿನ ಬೆಟ್ಟವದು. ಗಾಳಿ ಎದ್ದರೆ ಬೂದು ಧೂಳು ಮನೆಗಳ ಮೇಲೆ ಬರುತ್ತದೆ. ಸಿನಿಮಾದವರಿಗೆ ಅದು ಚೆಂದ, ಅಲ್ಲಿ ಬಟ್ಟೆ ಒಣಹಾಕುವವರನ್ನು ಕೇಳಬೇಕು. ಗಣಿಯನ್ನು ಪ್ರವಾಸಿ ತಾಣ ಮಾಡಬೇಕೆಂದು ಹೇಳುವವರಿದ್ದಾರೆ. ಮಾಡಲಿ, ಆದರೆ ಮೊದಲು ಆ ಮನೆಗಳ ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಲಿ ಎಂಬುದು ನನ್ನ ಮಾತು.

ದೊಡ್ಡಮ್ಮ ಮಾತ್ರ ಬೇಲಿಯ ಹತ್ತಿರ ನಿಂತು ದೂರದ ಕಬ್ಬಿಣದ ಗೋಪುರವನ್ನೇ ನೋಡುತ್ತಿದ್ದಳು. ದೊಡ್ಡಪ್ಪನನ್ನು ತೊಟ್ಟಿಲಿನಲ್ಲಿ ಕೂರಿಸಿ ಕೆಳಗಿಳಿಸುತ್ತಿದ್ದದ್ದು ಅಂಥದರಲ್ಲೇ. "ಒಂದ್ಸಲ ಕರ್ಕೊಂಡು ಹೋಗಿ, ನೋಡಿ ಬತ್ತೀನಿ ಅಂದಿದ್ದೆ. 'ಹೆಂಗಸರಿಗೆ ಅಲ್ಲೇನೇ ಕೆಲಸ' ಅಂದ್ರು." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಈಗ ಒಳಗೆ ಏನೈತೆ?"

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ ಎಂದೆ.

"ನೀರಾ?" ಎಂದಳು. "ಅವರು ಬೆವರು ಒರೆಸ್ಕೊಂಡೇ ಮನೆಗೆ ಬತ್ತಿದ್ರು. ಒಳಗೆ ಬೆಂಕಿ ಕಣೇ ಅಂತಿದ್ರು." ಮತ್ತೆ ಅದರ ಮಾತೆತ್ತಲಿಲ್ಲ.

ಸಂಜೆ ಬಂಗಾರಪೇಟೆಯಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ಅಲ್ಲಿನ ಪಾನಿಪುರಿಯ ಪಾನಿ ಹಸಿರಲ್ಲ, ನೋಡಲು ಬರೀ ನೀರಿನ ಹಾಗೆ ತಿಳಿ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ನಾದಿನಿ ಸೀರೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಲೇ ಎರಡು ಪ್ಲೇಟು ಮುಗಿಸಿದಳು. ದೊಡ್ಡಮ್ಮನೂ ಒಂದು ತಟ್ಟೆ ಕೇಳಿ ತಿಂದಳು. ಕಾಮಸಮುದ್ರದಲ್ಲಿ ಇಳಿಯುವಾಗ ಕತ್ತಲಾಗಿತ್ತು. "ಬಿರಬಿರನೆ ನಡೀರಿ, ಆನೆ ಇಳಿಯೋ ಹೊತ್ತು" ಎಂದು ಅವಳೇ ಮುಂದಾದಳು.