ತಂತ್ರಾಂಶ ಪರವಾನಗಿ ಕರಾರು ಮತ್ತು ಕೊಳ್ಳುವವರ ಹಕ್ಕು: ಭಾರತದಲ್ಲಿ ಬೆಳೆದುಬಂದ ಬಗೆ

ಹಣ ತೆತ್ತು ತಂತ್ರಾಂಶ ಕೊಂಡವರು ಆ ಪ್ರತಿಯ ಒಡೆಯರೋ ಅಥವಾ ಕರಾರಿಗೆ ಒಳಪಟ್ಟು ಅದನ್ನು ಬಳಸಲು ಪರವಾನಗಿ ಪಡೆದವರು ಮಾತ್ರವೋ ಎಂಬ ಪ್ರಶ್ನೆಯ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ ನೀಡಿದ ಎರಡು ಮುಖ್ಯ ತೀರ್ಪುಗಳೂ ತೆರಿಗೆ ವ್ಯಾಜ್ಯಗಳಿಂದ ಹುಟ್ಟಿದವು. ಹೀಗಾಗಿ ಗ್ರಾಹಕ ಹಕ್ಕಿನ ಈ ಭಾಗದ ಚರಿತ್ರೆಯನ್ನು ತೆರಿಗೆ ಕಾನೂನಿನ ಕಡತಗಳಲ್ಲೇ ಹುಡುಕಬೇಕಾಗುತ್ತದೆ.

ಮೊಹರು ಮಾಡಿದ ಡಬ್ಬದೊಳಗೆ ಷರತ್ತುಗಳನ್ನಿಟ್ಟು ಮಾರುವ ಪದ್ಧತಿಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1996ರ ಪ್ರೊಸಿಡಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಷರತ್ತು ಓದಿದ ಮೇಲೆ ಹಿಂದಿರುಗಿಸುವ ಅವಕಾಶವಿದ್ದೂ ಇಟ್ಟುಕೊಂಡವರು ಅದಕ್ಕೆ ಬದ್ಧರೆಂಬುದು ಅದರ ತರ್ಕ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಪ್ತಿಗೆ ಕಂಪ್ಯೂಟರ್ ಪ್ರೋಗ್ರಾಂ ಸೇರಿದ್ದು 1984ರ ತಿದ್ದುಪಡಿಯಿಂದ. ಆಂಧ್ರಪ್ರದೇಶದ ಮಾರಾಟ ತೆರಿಗೆ ಕುರಿತ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಿ.ಡಿ.ಯಂಥ ಮಾಧ್ಯಮದಲ್ಲಿ ಸಿದ್ಧರೂಪದಲ್ಲಿ ಮಾರುವ ತಂತ್ರಾಂಶವೂ ‘ಸರಕು’ ಎಂದು 2004ರ ನವೆಂಬರ್ 5ರಂದು ಸ್ಪಷ್ಟಪಡಿಸಿತು.

ಗೊಂದಲ ದಟ್ಟವಾದದ್ದು ಅದರ ನಂತರ. ವಿದೇಶಿ ಕಂಪನಿಗಳ ತಂತ್ರಾಂಶಕ್ಕೆ ಕೊಟ್ಟ ಹಣ ಸರಕಿನ ಬೆಲೆಯಲ್ಲ, ಕೃತಿಸ್ವಾಮ್ಯದ ಬಳಕೆಗೆ ಸಲ್ಲುವ ರಾಯಧನ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ತೀರ್ಮಾನಿಸಿದರೆ, ದೆಹಲಿ ಹೈಕೋರ್ಟ್ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ದಶಕದ ಈ ಭಿನ್ನಮತವನ್ನು ಕೊನೆಗಾಣಿಸಿದ್ದು ‘ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್’ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪು. ಕರಾರಿಗೆ ಪರವಾನಗಿ ಎಂಬ ಹೆಸರಿದ್ದ ಮಾತ್ರಕ್ಕೆ ಕೃತಿಸ್ವಾಮ್ಯದ ಪಾಲು ಕೈಬದಲಾಗುವುದಿಲ್ಲ, ವ್ಯವಹಾರದ ನಿಜಸ್ವರೂಪವನ್ನು ನೋಡಬೇಕು, ಅಲ್ಲಿ ನಡೆದದ್ದು ಸರಕಿನ ಮಾರಾಟ ಎಂದು ಅದು ಹೇಳಿತು. ಕಾನೂನುಬದ್ಧವಾಗಿ ಪ್ರತಿ ಹೊಂದಿದವರು ಉದ್ದೇಶಿತ ಬಳಕೆಗಾಗಿ ಅದನ್ನು ನಕಲಿಸಿಕೊಳ್ಳುವುದು, ಕಳೆದುಹೋದೀತೆಂಬ ಎಚ್ಚರಿಕೆಗೆ ಇನ್ನೊಂದು ಪ್ರತಿ ತೆಗೆದಿಡುವುದು ಉಲ್ಲಂಘನೆಯಲ್ಲ ಎಂಬ, ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿಗೂ ಈ ತೀರ್ಪಿನಲ್ಲಿ ಮಹತ್ವ ದೊರೆಯಿತು. ಒಮ್ಮೆ ಮಾರಿದ ಪ್ರತಿಯ ಮೇಲೂ ಹಕ್ಕುದಾರನಿಗೆ ಹಿಡಿತ ಕೊಡುತ್ತಿದ್ದ ಮಾತುಗಳನ್ನು 1999ರಲ್ಲೇ ಅದೇ ಕಾಯ್ದೆಯ 14ನೇ ಕಲಮಿನಿಂದ ತೆಗೆದುಹಾಕಲಾಗಿತ್ತೆಂಬುದನ್ನೂ ನ್ಯಾಯಾಲಯ ಗುರುತಿಸಿತು. ಆದರೂ ಇದು ತೆರಿಗೆಯ ತೀರ್ಪು. ಮರುಮಾರಾಟವನ್ನು ನಿಷೇಧಿಸುವ ಷರತ್ತುಗಳೆಲ್ಲ ಇದರಿಂದ ರದ್ದಾದವೆಂದು ಓದುವುದು ಸರಿಯಲ್ಲ.

ಷರತ್ತುಗಳನ್ನೇ ನೇರವಾಗಿ ಪ್ರಶ್ನಿಸುವ ದಾರಿ ತೆರೆದದ್ದು 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಅಧಿಕಾರದಂಥ, ಗ್ರಾಹಕರ ಹಕ್ಕನ್ನು ಗಣನೀಯವಾಗಿ ಬದಲಿಸುವ ಷರತ್ತುಗಳುಳ್ಳ ಒಪ್ಪಂದವನ್ನು ಅದು ‘ಅನುಚಿತ ಕರಾರು’ ಎಂದು ಕರೆಯುತ್ತದೆ. ಆದರೆ ದೋಷಯುಕ್ತ ಸರಕಿನ ದೂರನ್ನು ಜಿಲ್ಲಾ ಆಯೋಗಕ್ಕೆ ಕೊಡಬಹುದಾದರೂ, ಅನುಚಿತ ಕರಾರಿನ ದೂರನ್ನು ರಾಜ್ಯ ಅಥವಾ ರಾಷ್ಟ್ರೀಯ ಆಯೋಗದಲ್ಲಿಯೇ ಸಲ್ಲಿಸಬೇಕು.