ಟ್ಯಾರೋ ಬಿಟ್ಟುಕೊಟ್ಟ ಹೆಸರು: ತುರುಪು

ಇಂದು ಹೆಚ್ಚಾಗಿ ಕಣಿ ಹೇಳಲು ಬಳಸುವ ಟ್ಯಾರೋ ಎಲೆಗಳ ಕಟ್ಟುಗಳನ್ನು ಕೂಡಿಡುವ ಹುಚ್ಚು ಹತ್ತಿದವರಿಗೆ ವಿಸ್ಕೊಂಟಿ-ಸ್ಫೋರ್ಜಾ ಕಟ್ಟೆಂದರೆ ಒಂದು ಬಗೆಯ ಭಕ್ತಿ. ಹದಿನೈದನೇ ಶತಮಾನದ ನಡುಭಾಗದಲ್ಲಿ ಮಿಲಾನಿನ ದೊರೆಮನೆಗಾಗಿ ಕೈಯಲ್ಲೇ ಚಿತ್ರಿಸಿದ ಎಲೆಗಳಿವು. ಈಗ ಉಳಿದಿರುವುದು 74: ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ 35, ಬೆರ್ಗಾಮೊ ಊರಿನ ಅಕಾಡೆಮಿಯಾ ಕರಾರಾದಲ್ಲಿ 26, ಕೊಲ್ಲೆಯೋನಿ ಮನೆತನದವರ ಬಳಿ 13. ನನ್ನಂಥವರ ಕೈಗೆ ಸಿಗುವುದು ಇದರ ಅಚ್ಚಿನ ಪ್ರತಿ ಮಾತ್ರ. ಅದರಲ್ಲೂ ರಥದ ಎಲೆಯನ್ನು ನಾನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಚಿನ್ನದ ರೇಕು ಹಚ್ಚಿದ ಹಿನ್ನೆಲೆ, ರೆಕ್ಕೆ ಮೂಡಿದ ಎರಡು ಬಿಳಿ ಕುದುರೆ, ರಥದಲ್ಲಿ ಕಿರೀಟ ತೊಟ್ಟು ಕೂತ ಹೆಂಗಸು. ಮೇಲಂಚಿನಲ್ಲಿ ಸಣ್ಣದೊಂದು ತೂತಿದೆ. ಯಾರೋ ಯಾವಾಗಲೋ ಗೋಡೆಗೆ ಮೊಳೆ ಹೊಡೆದು ತಗುಲಿಸಿದ್ದರ ಗುರುತಿರಬೇಕು. ಎಲೆಯ ಮೇಲೆ ಹೆಸರಿಲ್ಲ, ಅಂಕಿಯೂ ಇಲ್ಲ.

ಈ ಎಲೆಗಳನ್ನು ಬರೆಸಿದವರ ಬಾಯಲ್ಲಿ ‘ಟ್ಯಾರೋ’ ಎಂಬ ಮಾತು ಇರಲಿಲ್ಲ. ಅವರು ಕರೆಯುತ್ತಿದ್ದುದು ‘ತ್ರಿಯೋನ್ಫಿ’ ಎಂದು. ನಮಗೆ ಸಿಕ್ಕಿರುವ ಮೊದಲ ದಾಖಲೆ 1440ರ ಸೆಪ್ಟೆಂಬರಿನದು. ದಸ್ತಾವೇಜು ಬರೆಯುವ ವೃತ್ತಿಯ ಜುಸ್ತೊ ಜುಸ್ತಿ ಎಂಬಾತ, ರಿಮಿನಿಯ ದೊರೆ ಮಲತೆಸ್ತನಿಗೆ ಕೊಡಲೆಂದು ಒಂದು ಕಟ್ಟು ‘ನಾಯಿಬಿ ಆ ತ್ರಿಯೋನ್ಫಿ’ ಮಾಡಿಸಿದ್ದಾಗಿ, ಅದಕ್ಕೆ ನಾಲ್ಕೂವರೆ ಫ್ಲೋರಿನ್ ತೆತ್ತಿದ್ದಾಗಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇದರಲ್ಲಿ ‘ನಾಯಿಬಿ’ ಎಂದರೆ ಆಟದ ಎಲೆ. ಈಜಿಪ್ಟಿನ ಮಮ್ಲೂಕರ ಎಲೆಗಳಲ್ಲಿ ರಾಜನ ಕೆಳಗಿನ ಅಧಿಕಾರಿಗೆ ‘ನಾಯಿಬ್’ ಎನ್ನುತ್ತಿದ್ದರು. ನಮ್ಮ ‘ನವಾಬ’ ಹುಟ್ಟಿದ್ದೂ ಅದೇ ಅರಬ್ಬಿ ಮಾತಿನಿಂದ. ಉಳಿದದ್ದು ‘ತ್ರಿಯೋನ್ಫಿ’.

ರೋಮಿನಲ್ಲಿ ಯುದ್ಧ ಗೆದ್ದ ಸೇನಾಪತಿ ನಾಲ್ಕು ಕುದುರೆಯ ರಥವೇರಿ ನಗರದೊಳಗೆ ಬರುವ ಮೆರವಣಿಗೆಗೆ ‘ತ್ರಿಯುಂಫುಸ್’ ಎಂದು ಹೆಸರು; ‘ತ್ರಿಯೋನ್ಫಿ’ಯ ಬೇರು ಅದೇ. ಅದರ ಹಿಂದೆ ಗ್ರೀಕರ ‘ಥ್ರಿಯಾಂಬೊಸ್’ ಇದೆ, ಡಯೊನೈಸಸ್ ದೇವರ ಉತ್ಸವದ ಹಾಡು. ಎಟ್ರುಸ್ಕನ್ನರ ಬಾಯಿ ದಾಟಿ ಅದು ರೋಮಿಗೆ ಬಂದಿರಬೇಕೆಂದು ಭಾಷಾವಿದರು ಎಣಿಸುತ್ತಾರೆ. ಇಟಲಿಯ ನವೋದಯ ಕಾಲದ ದೊರೆಗಳು ಈ ಮೆರವಣಿಗೆಯನ್ನು ಮತ್ತೆ ಬೀದಿಗೆ ತಂದರು. ಕವಿ ಪೆತ್ರಾರ್ಕ ಅದಕ್ಕೂ ಮೊದಲೇ ‘ತ್ರಿಯೋನ್ಫಿ’ ಹೆಸರಿನ ಕಾವ್ಯ ಬರೆದಿದ್ದ. ಅದರಲ್ಲಿ ಪ್ರೇಮವನ್ನು ಶೀಲ, ಶೀಲವನ್ನು ಸಾವು, ಸಾವನ್ನು ಕೀರ್ತಿ, ಕೀರ್ತಿಯನ್ನು ಕಾಲ, ಕಾಲವನ್ನು ಶಾಶ್ವತತೆ ಗೆಲ್ಲುತ್ತ ಹೋಗುತ್ತವೆ. ಎಲೆಯಾಟದ ನಿಯಮವೂ ಇದೇ. ನಾಲ್ಕು ಬಣ್ಣಗಳ 56 ಎಲೆಗಳ ಮೇಲೆ 21 ಚಿತ್ರದೆಲೆಗಳು, ಜೊತೆಗೊಬ್ಬ ಹುಚ್ಚ. ಒಂದೊಂದು ಚಿತ್ರವೂ ತನಗಿಂತ ಕೆಳಗಿನದನ್ನು ಗೆಲ್ಲುತ್ತದೆ, ಎಲ್ಲ ಚಿತ್ರಗಳೂ ಮಾಮೂಲಿ ಎಲೆಗಳನ್ನು ಗೆಲ್ಲುತ್ತವೆ. ಪೋಪನ ಎಲೆಯನ್ನು ಸಾವಿನ ಎಲೆ ಹೊಡೆಯುವುದು ಭವಿಷ್ಯವಾಣಿಯಲ್ಲ. ಅದು ಆ ಸುತ್ತಿನ ಪಟ್ಟು.

ಹೀಗೆ ಮೆರೆದ ಹೆಸರನ್ನು ಟ್ಯಾರೋ ಯಾಕೆ ಕಳೆದುಕೊಂಡಿತು? ಜನ ಒಂದು ಸುಲಭದ ಉಪಾಯ ಕಂಡುಕೊಂಡರು. ಪ್ರತ್ಯೇಕ ಚಿತ್ರದೆಲೆಗಳಿಗೆ ಹಣ ಸುರಿಯುವ ಬದಲು ಮಾಮೂಲಿ ಕಟ್ಟಿನ ಒಂದು ಬಣ್ಣವನ್ನೇ ಆ ಆಟದ ಮಟ್ಟಿಗೆ ‘ಗೆಲ್ಲುವ ಬಣ್ಣ’ ಎಂದು ಸಾರಿದರಾಯಿತು. ದುಬಾರಿ ದೊರೆಯಾಟ ಹೆಂಡದಂಗಡಿಯ ಆಟವಾಯಿತು, ಫ್ರೆಂಚರ ಬಾಯಲ್ಲಿ ‘ತ್ರಿಯೋಂಫ್’ ಆದ ಆ ಹೆಸರನ್ನೂ ಎಳೆದುಕೊಂಡು ಹೋಯಿತು. ಹಳೆಯ ಆಟಕ್ಕೆ ಬೇರೆ ಹೆಸರು ಬೇಕಾಯಿತು. 1505ರಲ್ಲಿ ಫೆರಾರಾದ ಲೆಕ್ಕಪತ್ರದಲ್ಲಿ ‘ತರೋಕಿ’, ಅದೇ ವರ್ಷ ಅವಿನ್ಯೋನ್‌ನಲ್ಲಿ ‘ತರೋ’ ಕಾಣಿಸಿಕೊಳ್ಳುತ್ತದೆ. ಫ್ರೆಂಚರು ಕೊನೆಯ ತಕಾರ ನುಂಗಿದ್ದರಿಂದಲೇ ನಾವು ಇವತ್ತು ‘ಟ್ಯಾರೋ’ ಎನ್ನುತ್ತೇವೆ. ಆ ಕಾಲದ ಉತ್ತರ ಇಟಲಿಯಲ್ಲಿ ‘ತರೋಕ್’ ಎಂದರೆ ಪೆದ್ದುತನ ಎಂಬ ಬಳಕೆಯೂ ಇತ್ತು. ಆದರೆ ಪದದ ನಿಜವಾದ ಬೇರು ಯಾವುದೆಂದು ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ.

ಬೇರು ಕಾಣದ ಪದಕ್ಕೆ ಕಥೆ ಕಟ್ಟುವುದು ಸುಲಭ. 1781ರಲ್ಲಿ ಪ್ಯಾರಿಸಿನ ಲೇಖಕ ಕೂರ್ ದ ಜೆಬೆಲಿನ್, ಟ್ಯಾರೋ ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದೂ ‘ತಾರ್’ ಅಂದರೆ ದಾರಿ, ‘ರೋ’ ಅಂದರೆ ರಾಜ, ಒಟ್ಟಿಗೆ ‘ರಾಜಮಾರ್ಗ’ ಎಂದೂ ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನ್ ಬಿಡಿಸಿದ್ದು 1822ರಲ್ಲಿ; ಜೆಬೆಲಿನ್ ಬರೆಯುವಾಗ ಆ ಭಾಷೆಯನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಅವನ ಮಾತು ನಿಂತಿತು. ‘ಎತ್ತೇಯಾ’ ಎಂಬ ಹೆಸರಿಟ್ಟುಕೊಂಡ ಅಲಿಯೆತ್ 1789ರಲ್ಲಿ ಭವಿಷ್ಯ ಹೇಳುವುದಕ್ಕೆಂದೇ ಒಂದು ಕಟ್ಟು ತಂದ. ಅಲ್ಲಿಂದ ಮುಂದೆ ಬಂದ, ಕಣಿ ಹೇಳುವ ಲೆನೋರ್ಮಾಂಡ್ ಎಲೆಗಳು, ಇಂದಿನ ನೂರಾರು ಬಗೆಯ ಆರಕಲ್ ಕಟ್ಟುಗಳು ಅದೇ ಹಾದಿಯವು. ಆರಕಲ್ ಕಟ್ಟಿನಲ್ಲಿ ಬಣ್ಣಗಳೂ ಇಲ್ಲ, ಗೆಲ್ಲುವ ಎಲೆಯೂ ಇಲ್ಲ. ಅವುಗಳಲ್ಲಿ ಕೆಲವು ತುಂಬ ಚೆಂದ, ಒಪ್ಪುತ್ತೇನೆ. ಆದರೆ ‘ತ್ರಿಯೋನ್ಫಿ’ ಎಂಬ ಹೆಸರಿಗೂ ಅವಕ್ಕೂ ನಂಟಿಲ್ಲ.

ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮ್ಮೆಟ್ 1980ರಲ್ಲಿ ಟ್ಯಾರೋ ಆಟದ ಮೇಲೆ ಒಂದು ದಪ್ಪ ಪುಸ್ತಕ ಬರೆದು, ಮೊದಲ ಮುನ್ನೂರು ವರ್ಷ ಇದು ಬರೀ ಆಟವಾಗಿತ್ತೆಂದು ದಾಖಲೆ ಸಮೇತ ತೋರಿಸಿಕೊಟ್ಟರು. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ, ಸಿಸಿಲಿಯ ಕೆಲವು ಊರುಗಳಲ್ಲಿ ಜನ ಇವತ್ತಿಗೂ ಟ್ಯಾರೋ ಎಲೆ ಹಿಡಿದು ಆಡುತ್ತಾರೆ. ಈ ಸಂಗತಿ ಹೇಳಿದರೆ ಕಣಿ ನಂಬುವವರಿಗೆ ಬೇಸರವಾಗುತ್ತದೆ. ನನಗಂತೂ ಎಲೆಗಳ ಮೇಲಿನ ಪ್ರೀತಿ ಹೆಚ್ಚಿದ್ದೇ ಅದನ್ನು ಓದಿದ ಮೇಲೆ.

ಇನ್ನು, ಮನೆ ಬಿಟ್ಟು ಹೋದ ಆ ಹೆಸರಿನ ಕಥೆ. ‘ತ್ರಿಯೋಂಫ್’ ಇಂಗ್ಲಿಷಿನಲ್ಲಿ ‘ಟ್ರಂಪ್’ ಆಯಿತು, ಪೋರ್ಚುಗೀಸಿನಲ್ಲಿ ‘ತ್ರುಂಫು’, ಡಚ್ಚಿನಲ್ಲಿ ‘ಟ್ರೂಫ್’. ನಮ್ಮ ‘ತುರುಪು’ ಇವುಗಳಲ್ಲಿ ಯಾವುದರ ಮಗು? ಮೊದಲೆರಡರಲ್ಲೂ ಮೂಗಿನ ಸದ್ದಿದೆ, ಡಚ್ಚಿನದರಲ್ಲಿ ಇಲ್ಲ. ಕನ್ನಡದ ತುರುಪಿನಲ್ಲೂ ಇಲ್ಲ. ತಮಿಳಿನ ‘ತುರುಪ್ಪು’ವಿಗೂ ಡಚ್ ಮೂಲವನ್ನೇ ಹೇಳುತ್ತಾರೆ. ಸಾಕ್ಷಿ ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಎಲೆಯ ಬಣ್ಣಗಳ ಹೆಸರು ನೋಡಿ. ‘ಕಳಾವರ’ ಡಚ್ಚರ ‘ಕ್ಲಾವರ್’, ಮೂರೆಸಳಿನ ಒಂದು ಸೊಪ್ಪಿನ ಹೆಸರು. ‘ಆಟೀನು’ ಅವರ ‘ಹಾರ್ಟನ್’, ಎಂದರೆ ಹೃದಯಗಳು. ಇಂಗ್ಲಿಷಿನಿಂದ ಬಂದಿದ್ದರೆ ಕೊನೆಗೆ ಆ ನಕಾರ ಎಲ್ಲಿಂದ ಬರಬೇಕಿತ್ತು? ನಮ್ಮಲ್ಲಿ ಆಡುವ ‘ಇಪ್ಪತ್ತೆಂಟು’ ಎಂಬ ಎಲೆಯಾಟದ ಲೆಕ್ಕವೂ ಇದೇ ಕಡೆಗೆ ಬೆರಳು ತೋರುತ್ತದೆ. ಅಲ್ಲಿ ರಾಜ ರಾಣಿಯರನ್ನು ಕೇಳುವವರಿಲ್ಲ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಡಚ್ಚರ ಕ್ಲಾವರ್‌ಯಾಸ್ ಆಟದಲ್ಲೂ ತುರುಪಿನ ಬಣ್ಣದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ನಂತರದ್ದು ಒಂಬತ್ತು. ಡಚ್ ಕಂಪನಿ 1658ರಲ್ಲಿ ನಾಗಪಟ್ಟಣವನ್ನು, 1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿತು. ಬಂದರುಕಟ್ಟೆಯ ನಾವಿಕರು, ದುಭಾಷಿಗಳು, ಕಾವಲಿನವರು ಕೂತು ಆಡಿದ ಆಟಗಳಿಂದ ಈ ಪದಗಳು ದಕ್ಷಿಣದ ಭಾಷೆಗಳಿಗೆ ಇಳಿದಿರಬೇಕು. ಈಗ ಎಲೆ ಮುಟ್ಟದವರೂ ಚುನಾವಣೆ ಬಂತೆಂದರೆ ‘ತುರುಪಿನ ಎಲೆ’ ಎನ್ನುತ್ತಾರೆ.

ಇಸ್ಪೀಟು ಮಾತ್ರ ಬೇರೆ ದಾರಿಯದು. ಆ ಬಣ್ಣಕ್ಕೆ ಡಚ್ಚರು ‘ಸ್ಕೊಪ್ಪನ್’ ಎನ್ನುತ್ತಾರೆ, ಇಂಗ್ಲಿಷರು ‘ಸ್ಪೇಡ್’. ಇಂಗ್ಲಿಷಿನ ಆ ಪದ ನೆಲ ಅಗೆಯುವ ಸಲಿಕೆಯಿಂದ ಬಂದದ್ದಲ್ಲ, ಇಟಲಿಯ ‘ಸ್ಪಾದೆ’ಯಿಂದ ಬಂದದ್ದು. ಸ್ಪಾದೆ ಎಂದರೆ ಕತ್ತಿಗಳು, ಟ್ಯಾರೋದ ನಾಲ್ಕು ಬಣ್ಣಗಳಲ್ಲಿ ಒಂದು. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಲಂಡನ್ನಿನ ರೈಡರ್ ಪ್ರಕಾಶನಕ್ಕೆ ಬರೆದುಕೊಟ್ಟ ಕಟ್ಟಿನಲ್ಲಿ ‘ಕತ್ತಿ ಮೂರು’ ಎಲೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ: ಬೂದು ಮೋಡ, ಓರೆಯಾಗಿ ಸುರಿಯುವ ಮಳೆ, ನಡುವೆ ಮೂರು ಕತ್ತಿ ನಾಟಿದ ಕೆಂಪು ಹೃದಯ. ಜಗಲಿಯ ಮೇಲೆ ರಮ್ಮಿ ಆಡುವವರು ಬೇಡವೆಂದು ಕೆಳಗೆ ಹಾಕುವ ಇಸ್ಪೀಟು ಮೂರು, ವಂಶಾವಳಿ ಹಿಡಿದು ಹೋದರೆ, ಅದೇ ಎಲೆ.