ಹಿಟ್ಟಿನ ಹುಳುವೂ ಒಂದು ಕಿರಿಯ ವರ್ಣತಂತುವೂ

ನಿವೃತ್ತನಾದ ಕನ್ನಡ ಅಧ್ಯಾಪಕನೊಬ್ಬ ಹಿಟ್ಟಿನ ಹುಳುವಿನ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಸೋಜಿಗವಾಗುವುದು ಸಹಜ. ನಮ್ಮ ಕವಿಗಳು ದುಂಬಿಗೆ ಸಲ್ಲಿಸಿದ ಮರ್ಯಾದೆಯ ನೂರರಲ್ಲೊಂದು ಪಾಲನ್ನೂ ಈ ಪ್ರಾಣಿಗೆ ಕೊಟ್ಟವರಲ್ಲ. ಆದರೂ ಮನುಷ್ಯನು ಸಾವಿರಾರು ವರ್ಷಗಳಿಂದ ಕೇಳುತ್ತ ಬಂದ ಒಂದು ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ತಾವರೆಗೆ ಎರಗುವ ದುಂಬಿಯಲ್ಲಲ್ಲ, ಉಗ್ರಾಣದ ಮೂಲೆಯ ಈ ಕೀಟದಲ್ಲಿ. ಹುಟ್ಟುವ ಜೀವ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ನಿರ್ಧರಿಸುವುದು ಯಾವುದು? ಇದೇ ಆ ಪ್ರಶ್ನೆ.

ನಮ್ಮ ಮನೆಗಳಲ್ಲಿ ಇದು ಬರಿಯ ಜಿಜ್ಞಾಸೆಯಾಗಿ ಉಳಿದದ್ದಲ್ಲ. ನಾನು ಹುಡುಗನಾಗಿದ್ದಾಗ, 1970ರ ಸುಮಾರಿನಲ್ಲಿ, ನಮ್ಮ ಬೀದಿಯ ಒಂದು ಮನೆಯ ಸೊಸೆ ನಾಲ್ಕನೆಯ ಹೆಣ್ಣುಮಗುವನ್ನು ಹೆತ್ತಳು. ಅತ್ತೆ ಜಗಲಿಯ ಮೇಲೆ ಕುಳಿತು ಹಿಟ್ಟನ್ನು ಜರಡಿ ಹಿಡಿಯುತ್ತ, 'ಇವಳ ಹೊಟ್ಟೆಗೆ ಗಂಡು ಬರೆದಿಲ್ಲ' ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಜರಡಿಯಲ್ಲಿ ಉಳಿದ ಕೆಂಪು ಹುಳುಗಳನ್ನು ಅಂಗಳದ ಕೋಳಿಗಳಿಗೆ ಚೆಲ್ಲುತ್ತಿದ್ದುದೂ ನೆನಪಿದೆ. ಬಾಣಂತಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆ ಹೊತ್ತಿಗಾಗಲೇ ಅತ್ತೆಯ ಮಾತಿಗೆ ತಕ್ಕ ಉತ್ತರ ಅಮೆರಿಕದಲ್ಲಿ ಅಚ್ಚಾಗಿ ಅರುವತ್ತೈದು ವರ್ಷ ಸಂದಿತ್ತು.

ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದರೆಂದಲ್ಲ. ಪುರುಷಬೀಜ ಅಧಿಕವಾದರೆ ಗಂಡು, ಸ್ತ್ರೀಬೀಜ ಅಧಿಕವಾದರೆ ಹೆಣ್ಣು ಎಂದು ಮನುಸ್ಮೃತಿ ಹೇಳುತ್ತದೆ. ಗ್ರೀಸಿನ ಅರಿಸ್ಟಾಟಲನು ಉಷ್ಣದ ಹೆಚ್ಚುಕಡಿಮೆಯನ್ನು ಕಾರಣವಾಗಿಸಿದನು. 1889ರಲ್ಲಿ ಕೂಡ ಗೆಡ್ಡಿಸ್ ಮತ್ತು ಥಾಮ್ಸನ್ ಎಂಬ ಬ್ರಿಟಿಷ್ ವಿದ್ವಾಂಸರು, ಭ್ರೂಣಕ್ಕೆ ದೊರೆಯುವ ಪೋಷಣೆಯಂಥ ಪರಿಸ್ಥಿತಿಗಳೇ ಲಿಂಗವನ್ನು ನಿರ್ಣಯಿಸುತ್ತವೆಂದು ದೊಡ್ಡ ಗ್ರಂಥವನ್ನೇ ಬರೆದರು. ವಾದಗಳಿಗೆ ಬರವಿರಲಿಲ್ಲ, ಎಣಿಸಿ ನೋಡಿದವರಿರಲಿಲ್ಲ.

ಎಣಿಸಬೇಕಾದದ್ದು ಏನು ಎಂಬುದೂ ಆಗ ತಾನೇ ತಿಳಿಯುತ್ತಿತ್ತು. ಜೀವಕೋಶ ಇಬ್ಭಾಗವಾಗುವಾಗ ಅದರ ನಡುವೆ ಬಣ್ಣವನ್ನು ಹೀರಿಕೊಳ್ಳುವ ಸಣ್ಣ ಸಣ್ಣ ಕಡ್ಡಿಗಳು ತೋರುತ್ತವೆ. 1888ರಲ್ಲಿ ಜರ್ಮನಿಯ ವಾಲ್ಡೇಯರ್ ಇವಕ್ಕೆ ಕ್ರೋಮೋಸೋಮ್ ಎಂದು ಹೆಸರಿಟ್ಟನು. ಬಣ್ಣದ ಕಾಯ ಎಂದು ಅದರ ಅರ್ಥ. ಕನ್ನಡದಲ್ಲಿ ವರ್ಣತಂತು ಎಂದಿದ್ದೇವೆ. ಕಾಯವನ್ನು ತಂತುವಾಗಿಸಿದ ನಮ್ಮ ಅನುವಾದಕರು ಮೂಲದವನಿಗಿಂತ ಚೆನ್ನಾಗಿ ಕಂಡರೆಂದು ನನ್ನ ಅಭಿಪ್ರಾಯ. 1891ರಲ್ಲಿ ಹೆನ್‌ಕಿಂಗ್ ಎಂಬಾತ ಒಂದು ತಿಗಣೆಜಾತಿಯ ಕೀಟದಲ್ಲಿ, ಅರ್ಧದಷ್ಟು ವೀರ್ಯಾಣುಗಳಿಗೆ ಮಾತ್ರ ಹೋಗುವ ಒಂದು ಅಂಶವನ್ನು ಕಂಡು, ಅದೇನೆಂದು ತಿಳಿಯದೆ ಎಕ್ಸ್ ಎಂದು ಗುರುತಿಸಿದನು. ಅದು ಲಿಂಗಕ್ಕೆ ಸಂಬಂಧಿಸಿರಬೇಕೆಂದು 1901-02ರಲ್ಲಿ ಊಹಿಸಿದವನು ಮಿಡತೆಗಳನ್ನು ನೋಡುತ್ತಿದ್ದ ಮೆಕ್ಲಂಗ್. ಊಹೆ ಸರಿಯಾದ ದಾರಿಯಲ್ಲಿತ್ತು, ದಿಕ್ಕು ಮಾತ್ರ ತಿರುಗುಮುರುಗಾಯಿತು. ಹೆಣ್ಣು ಮಿಡತೆಯ ಎಣಿಕೆ ತಪ್ಪಿದ್ದರಿಂದ, ಆ ಹೆಚ್ಚಿನ ವರ್ಣತಂತು ಗಂಡನ್ನು ಹುಟ್ಟಿಸುತ್ತದೆ ಎಂದು ಅವನು ತಿಳಿದನು.

ಇಲ್ಲಿ ನೆಟಿ ಸ್ಟೀವನ್ಸ್ ಎಂಬ ಮಹಿಳೆಯ ಪ್ರವೇಶವಾಗುತ್ತದೆ. ಈಕೆ 1861ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಒಬ್ಬ ಬಡಗಿಯ ಮಗಳಾಗಿ ಹುಟ್ಟಿದವರು. ಶಾಲೆಗಳಲ್ಲಿ ಪಾಠ ಹೇಳಿ, ಗ್ರಂಥಾಲಯದಲ್ಲಿ ದುಡಿದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದ್ದು 1896ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ. ಆ ವಯಸ್ಸಿಗೆ ನಮ್ಮಲ್ಲಿ ಅನೇಕರು ಓದುವುದನ್ನು ಬಿಟ್ಟಿರುತ್ತೇವೆ. ಅಧ್ಯಾಪಕರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅನಂತರ ಪೆನ್ಸಿಲ್ವೇನಿಯದ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ ಸಂಶೋಧನೆ, ನಡುವೆ ಯೂರೋಪಿನಲ್ಲಿ ಬೋವೆರಿಯಂಥ ಮಹಾ ವಿಜ್ಞಾನಿಯ ಬಳಿ ಅಭ್ಯಾಸ, 1903ರಲ್ಲಿ ಡಾಕ್ಟರೇಟ್. ಹೊಟ್ಟೆಪಾಡಿನ ಚಿಂತೆ ಬಿಡಲಿಲ್ಲ. ಕಾರ್ನೆಗಿ ಸಂಸ್ಥೆಯ ಧನಸಹಾಯ ದೊರೆತ ಮೇಲೆಯೇ ಪೂರ್ಣಕಾಲ ಸೂಕ್ಷ್ಮದರ್ಶಕದ ಮುಂದೆ ಕೂರುವುದು ಸಾಧ್ಯವಾಯಿತು.

ಗೆದ್ದಲು, ಜಿರಲೆ, ಗಿಡಹೇನು ಮೊದಲಾದವುಗಳೊಡನೆ ಅವರು ಪರೀಕ್ಷಿಸಿದ ಒಂದು ಜೀರುಂಡೆ ಟೆನೆಬ್ರಿಯೊ ಮಾಲಿಟರ್. ಜೀರುಂಡೆ ಎಂದೊಡನೆ ಮಲೆನಾಡಿನವರು ಮರದಲ್ಲಿ ಕೂತು ಕಿರುಗುಟ್ಟುವ ಕೀಟವನ್ನು ನೆನೆಯಬಾರದು. ಇದು ಓಡಿನಂಥ ಗಟ್ಟಿ ಮೇಲ್ರೆಕ್ಕೆಗಳುಳ್ಳ ಕೀಟವರ್ಗ. ಲಿನೇಯಸ್ ಇಟ್ಟ ಲ್ಯಾಟಿನ್ ಹೆಸರಿನಲ್ಲಿ ಕತ್ತಲೆಯೂ ಉಂಟು, ಗಿರಣಿಯವನೂ ಉಂಟು. ಅರ್ಧ ಅಂಗುಲಕ್ಕಿಂತ ತುಸು ಉದ್ದದ ಕಪ್ಪು ಹುಳು; ಸಾಕಿದ ಹಕ್ಕಿಗಳಿಗೆ ಆಹಾರವಾಗಿ ಮಾರುವುದು ಇದರ ಮರಿಗಳನ್ನೇ.

ಸ್ಟೀವನ್ಸ್ ಮಾಡಿದ ಕೆಲಸವನ್ನು ಹೇಳುವುದು ಸುಲಭ. ಹೆಣ್ಣು ಹುಳುವಿನ ದೇಹಕೋಶದಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನಲ್ಲೂ 20, ಆದರೆ 19 ಮಾತ್ರ ದೊಡ್ಡವು, ಒಂದು ಬಲು ಚಿಕ್ಕದು. ಬೀಜಕೋಶಗಳಾಗುವಾಗ ಈ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಆಗ ಅಂಡಗಳಿಗೆಲ್ಲ 10 ದೊಡ್ಡವೇ ಬರುತ್ತವೆ. ವೀರ್ಯಾಣುಗಳಲ್ಲಿ ಮಾತ್ರ ಎರಡು ಬಗೆ: ಅರ್ಧದಲ್ಲಿ 10 ದೊಡ್ಡವು, ಉಳಿದರ್ಧದಲ್ಲಿ 9 ದೊಡ್ಡವು ಮತ್ತು ಆ ಒಂದು ಚಿಕ್ಕದು. ಮೊದಲ ಬಗೆಯದು ಅಂಡವನ್ನು ಸೇರಿದರೆ ಹೆಣ್ಣು, ಎರಡನೆಯದು ಸೇರಿದರೆ ಗಂಡು. ಮಿಡತೆಯಲ್ಲಿ ಒಂದು ತಂತು ಇದೆಯೋ ಇಲ್ಲವೋ ಎಂಬ ಗೊಂದಲವಿತ್ತು. ಇಲ್ಲಿ ಗಂಡು ಹೆಣ್ಣುಗಳ ಸಂಖ್ಯೆ ಒಂದೇ, ಒಂದು ಜೊತೆಯಲ್ಲಿ ಗಾತ್ರಭೇದ ಮಾತ್ರ. 1905ರಲ್ಲಿ ಕಾರ್ನೆಗಿ ಸಂಸ್ಥೆ ಪ್ರಕಟಿಸಿದ ಪ್ರಬಂಧದಲ್ಲಿ ಇಷ್ಟನ್ನೂ ಹೇಳಿ, ಮುಂದಿನ ವರ್ಷ ಇನ್ನೂ ಹಲವಾರು ಜಾತಿಯ ಜೀರುಂಡೆಗಳನ್ನು ಪರೀಕ್ಷಿಸಿ ಎರಡನೆಯ ಭಾಗವನ್ನು ಹೊರತಂದರು. ಆ ಚಿಕ್ಕ ತಂತುವಿಗೆ ವೈ ಎಂಬ ಹೆಸರು ಬಂದದ್ದು 1909ರಲ್ಲಿ.

ಹೆಸರಿಟ್ಟವನು ಕೊಲಂಬಿಯ ವಿಶ್ವವಿದ್ಯಾಲಯದ ವಿಲ್ಸನ್. ಆತನೂ 1905ರಲ್ಲೇ, ತಿಗಣೆಜಾತಿಯ ಕೀಟಗಳಲ್ಲಿ, ಇದೇ ತೀರ್ಮಾನದ ಹತ್ತಿರ ಬಂದಿದ್ದನು. ಸ್ಟೀವನ್ಸರ ಫಲಿತಾಂಶವನ್ನು ತನ್ನ ಲೇಖನದಲ್ಲಿ ನಮೂದಿಸಿಯೂ ಇದ್ದನು. ಆದುದರಿಂದ ವಿಲ್ಸನ್ ಕದ್ದನು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಪರಿಸರದ ಪ್ರಭಾವಕ್ಕೆ ಅವನು ಇನ್ನೂ ಎಡೆ ಬಿಟ್ಟಿದ್ದಾಗ ಹೆಚ್ಚು ಖಚಿತವಾಗಿ ನುಡಿದವರು ಸ್ಟೀವನ್ಸ್. ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿದದ್ದು ವಿಲ್ಸನ್ನನ ಹೆಸರು. ಇನ್ನು ಬ್ರಿನ್ ಮಾರ್‌ನಲ್ಲಿ ಆಕೆಗೆ ಗುರುವಾಗಿದ್ದ ಮಾರ್ಗನ್, ವರ್ಣತಂತುವಿನ ವಾದವನ್ನು 1910ರವರೆಗೂ ಸಂಶಯದಿಂದ ಕಂಡವನು. ಆತನಿಗೆ ನೊಬೆಲ್ ಪಾರಿತೋಷಕ ಬಂದದ್ದು 1933ರಲ್ಲಿ.

ಅಷ್ಟರಲ್ಲಿ ಸ್ಟೀವನ್ಸ್ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು. ಅವರಿಗೆಂದೇ ಕಾಲೇಜು ಒಂದು ಸಂಶೋಧನ ಪ್ರಾಧ್ಯಾಪಕ ಪದವಿಯನ್ನು ಏರ್ಪಡಿಸಿತ್ತು. ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಬಾಲ್ಟಿಮೋರಿನಲ್ಲಿ ಸ್ತನದ ಅರ್ಬುದರೋಗದಿಂದ ಮರಣ ಹೊಂದಿದರು. ವಯಸ್ಸು ಐವತ್ತು. ಮಾರ್ಗನ್ ಬರೆದ ಶ್ರದ್ಧಾಂಜಲಿಯಲ್ಲಿ ಆಕೆಯ ನಿಖರತೆಯನ್ನೂ, ದೊಡ್ಡ ಸಿದ್ಧಾಂತಗಳಿಗೆ ಕೈಹಾಕದ ಎಚ್ಚರವನ್ನೂ ಹೊಗಳಿದ್ದಾನೆ. ಆ ಹೊಗಳಿಕೆಯ ಕೆಳಗೆ ಸಣ್ಣದೊಂದು ತೂಕದ ಕಲ್ಲು ಇದೆಯೆಂದು ಪ್ರಬಂಧಗಳನ್ನು ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡ ನನಗೆ ತೋರುತ್ತದೆ. ಆಕೆಯ ಪಾಲನ್ನು ಮತ್ತೆ ತೂಗಿ ನೋಡಿದ ಇತಿಹಾಸಕಾರ ಸ್ಟೀಫನ್ ಬ್ರಷ್‌ನ ಲೇಖನ ಬಂದದ್ದು 1978ರಲ್ಲಿ.

ಜೀರುಂಡೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೀಜಕೋಶ ರೂಪುಗೊಳ್ಳುವಾಗ ದೊಡ್ಡ ಎಕ್ಸ್ ತಂತು ಬಿಚ್ಚಿದ ಪ್ಯಾರಾಚೂಟಿನಂತೆಯೂ ಕಿರಿಯ ವೈ ಅದಕ್ಕೆ ತೂಗಿಬಿದ್ದ ಭಾರದಂತೆಯೂ ಕಾಣುವುದನ್ನು ಮುಂದಿನವರು ನೂರಾರು ಜಾತಿಗಳಲ್ಲಿ ಗುರುತಿಸಿದರು. ಎಲ್ಲ ಪ್ರಾಣಿಗಳಲ್ಲೂ ವೈ ತಂತುವೇ ಗಂಡಸುತನದ ಒಡೆಯನಲ್ಲ ಎಂಬುದೂ ತಿಳಿಯಿತು. ಹಣ್ಣಿನ ನೊಣದಲ್ಲಿ ವೈ ಇಲ್ಲದೆಯೂ ಗಂಡು ಹುಟ್ಟುತ್ತದೆ, ಆದರೆ ಬಂಜೆಯಾಗಿರುತ್ತದೆ. ಮನುಷ್ಯರಲ್ಲಿ ವೈ ಇದ್ದರೆ ಗಂಡು ಎಂಬುದು 1959ರಲ್ಲಿ ಖಚಿತವಾಯಿತು.

ತಾಯಿಯ ಪಾಲು ಏನೂ ಇಲ್ಲವೆಂದಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಟ್ರಾನ್ಸ್‌ಫಾರ್ಮರ್ ಎಂಬ ಒಂದು ಜೀನಿನ ಸಂದೇಶವನ್ನು ತಾಯಿ ಹುಳುವಿನಲ್ಲಿ ಅಡಗಿಸಿದಾಗ, ಅದರ ಸಂತಾನವೆಲ್ಲ ಗಂಡಾಗಿಯೇ ಹುಟ್ಟಿತು. ಸಾಮಾನ್ಯವಾಗಿ ಹೆಣ್ಣಾಗಬೇಕಾದ ಮೊಟ್ಟೆಗೆ ಹೆಣ್ಣಾಗುವ ದಾರಿಯನ್ನು ತೆರೆದಿಡುವುದು ಈ ಜೀನು. ಪ್ರಯೋಗ ನಡೆದದ್ದು ಟೆನೆಬ್ರಿಯೊದ ಹತ್ತಿರದ ದಾಯಾದಿಯಾದ ಟ್ರೈಬೋಲಿಯಮ್ ಎಂಬ ಕೀಟದ ಮೇಲೆ: ನಮ್ಮ ಬೀದಿಯ ಆ ಅತ್ತೆ ಜರಡಿಯಿಂದ ಕೋಳಿಗಳಿಗೆ ಚೆಲ್ಲುತ್ತಿದ್ದಂಥ ಕೆಂಪು ಹಿಟ್ಟಿನ ಹುಳುವಿನ ಮೇಲೆ.